ನೀರು ಬಂತಲ್ಲೊ, ನೀನೆಲ್ಲೋದೆ

ಸೋಮನಹಳ್ಳಿ
೧೮-೧-೨೦೨೬, ಭಾನುವಾರ

ಪ್ರೀತಿಯ ಮಹದೇವ,

ಹೇಗಿದ್ದೀಯ ಕಣಯ್ಯ? ನಾವಿಲ್ಲಿ ಉಂಡು, ಮಲಗಿ, ಎದ್ದು ಕೆಲಸಕ್ಕೆ ಹೋಗಿ ಬರುವಷ್ಟರ ಮಟ್ಟಿಗೆ ಕ್ಷೇಮ. ನೀನೂ ನಿನ್ನ ಮಗಳು ವೀಣಳೂ ಹೊಸೂರಿನಲ್ಲಿ ಇದಕ್ಕಿಂತ ಚೆನ್ನಾಗಿಯೇ ಇದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ದೀಪಾವಳಿಯ ವಾರವೇ ಕೈಸೇರಿತು. ಉತ್ತರ ಬರೆಯೋಕೆ ಸಂಕ್ರಾಂತಿ ಕಳೆಯಬೇಕಾಯಿತು. ಬೈಯಬೇಕು ಅನ್ನಿಸಿದರೆ ಬೈದುಬಿಡು, ನಾನು ಅದಕ್ಕೆ ತಯಾರಾಗಿಯೇ ಕೂತಿದ್ದೇನೆ. ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳಬಹುದಿತ್ತು. ರಟ್ಟಿನ ಡಬ್ಬ ಮಾಡುವ ಫ್ಯಾಕ್ಟರಿಯ ಸ್ಟೋರ್ ಕೀಪರ್‌ಗೆ ಅದೆಂಥ ಕೆಲಸ ಅಂತ ನಿನಗೇನು ಗೊತ್ತಿಲ್ಲದ್ದಲ್ಲ. ಪೆನ್ನು ಹಿಡಿದಾಗಲೆಲ್ಲ ಸುಸ್ತಾಗುತ್ತಿತ್ತು, ಅಷ್ಟೆ.

‘ಒಂದ್ ವಾಟ್ಸಾಪ್ ಹಾಕುದ್ರೆ ಆಗಲ್ವಾ? ಅದೇನ್ ಕಾಗ್ದ ಹಿಡ್ಕಂಡ್ ಕುಂತಿದ್ದೀರಿ’ ಅಂತ ವನಜಾ ಈಗ ತಾನೇ ಗೊಣಗಿಕೊಂಡು ಒಳಗೆ ಹೋದಳು. ಅವಳನ್ನು ಕಟ್ಟಿಕೊಂಡು ಇಪ್ಪತ್ತೆರಡು ವರ್ಷ ಆಯಿತು, ನಿನ್ನ ಗುಣ ಇನ್ನೂ ಅವಳಿಗೆ ಗೊತ್ತಾಗಿಲ್ಲ. ಮೊಬೈಲಿನಲ್ಲಿ ಕಷ್ಟಪಟ್ಟು ಎರಡು ಪುಟ ಟೈಪ್ ಮಾಡಿ ಕಳಿಸಿದರೆ ನೀನು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮನಾಗುವ ಆಸಾಮಿ. ಕಾಗದ ಆದರೆ ಆರು ಪುಟ ಬರೀತೀಯ. ಪ್ರೆಸ್ ಮಶೀನಿನ ಪಕ್ಕ ಹದಿನೆಂಟು ವರ್ಷ ನಿಂತು ನಿನ್ನ ಕಿವಿ ಎರಡೂ ಹೋದ ಮೇಲೆ ನಾವು ಮಾತಾಡೋದು ಹೀಗೇ ಆಗಿಹೋಗಿದೆ. ನನಗೂ ಇದೇ ವಾಸಿ. ಎದುರಿಗೆ ಕೂತು ಹೇಳಲಾಗದ್ದು ಕಾಗದದಲ್ಲಿ ಹೇಗೋ ಜಾರಿಕೊಂಡು ಬರುತ್ತೆ.

ನೀನು ಎರಡು ಮಾತು ಕೇಳಿದ್ದೆ. ಒಂದು, ನಮ್ಮ ಹಾಡನ್ನು ತಮಿಳಿನಲ್ಲಿ ಹಾಡಿದ್ದಾರಂತೆ, ವೀಣ ಮೊಬೈಲಿನಲ್ಲಿ ತೋರಿಸಿದಳು, ಹುಡುಗರು ಎಗರಾಡೋದು ಮಾತ್ರ ಕಾಣುತ್ತೆ, ಕೇಳೋಕೆ ಹೇಗಿದೆ ಅಂತ ಬರೆದು ತಿಳಿಸು ಅಂತ. ಇನ್ನೊಂದು, ‘ಅವ್ವ ಕೇಳಿದರಾ? ಏನಂದರು?’ ಅಂತ. ಮೊದಲನೆಯದಕ್ಕೆ ಉತ್ತರ ಸುಲಭ, ಅದನ್ನೇ ಮೊದಲು ಬರೀತೀನಿ.

ಚೆನ್ನಾಗಿದೆ ಮಾರಾಯ. ಹೊಟ್ಟೆ ಉರಿಯುವಷ್ಟು ಚೆನ್ನಾಗಿದೆ. ಕೊಯಮತ್ತೂರಿನ ಐದು ಹುಡುಗರು. ನಾವು ತರಗು ಬ್ಯಾಂಡ್ ಅಂತ ಹೆಸರಿಟ್ಟುಕೊಂಡು ಬಸರಾಳು ಹತ್ತಿರದ ಆ ಪಾಳು ಆಲೆಮನೆಯಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದಾಗ ಅವರಲ್ಲಿ ಒಬ್ಬನೂ ಹುಟ್ಟಿರಲಿಲ್ಲ. ನೆನಪಿದೆಯಾ, ಕರೆಂಟು ಡಲ್ ಆದರೆ ನನ್ನ ಗಿಟಾರಿನ ಸೌಂಡು ಕುರಿ ಕೂಗಿದ ಹಾಗಾಗುತ್ತಿತ್ತು, ನೀನು ಡ್ರಮ್ಮಿನ ಕೋಲು ಎಸೆದು ‘ಬಾಯಲ್ ಹಾಡ್ಕಳ್ಲಾ’ ಅಂತ ಎದ್ದು ಹೋಗುತ್ತಿದ್ದೆ. ೧೯೯೮ರ ಕಾಲೇಜ್ ಡೇ ದಿನ ಮಂಡ್ಯದಲ್ಲಿ ಹಾಡಿದ ಆ ಹಾಡು ಒಂದೇ ಒಂದು ಕ್ಯಾಸೆಟ್ಟಿನಲ್ಲಿ ಉಳಿದು, ಅದನ್ನು ಯಾರೋ ಪುಣ್ಯಾತ್ಮರು ಯೂಟ್ಯೂಬಿಗೆ ಹಾಕಿ, ಅದು ಹೋಗಿ ಹೋಗಿ ಈ ಹುಡುಗರ ಕಿವಿಗೆ ಬಿದ್ದಿದೆ.

ನಿನ್ನ ಮೂರು ಏಟು ಹಾಗೇ ಇವೆ. ಧಡ್, ಧಡ್, ಧಡ್. ಆಮೇಲೆ ನೀನು ಬಿಡುತ್ತಿದ್ದೆಯಲ್ಲ, ಒಂದು ಉಸಿರು ತಗೊಳ್ಳುವಷ್ಟು ಹೊತ್ತು ಏನೂ ಇಲ್ಲದ ಜಾಗ, ಜನ ಹಾಡು ಮುಗಿಯಿತು ಅಂತ ಚಪ್ಪಾಳೆ ತಟ್ಟೋಕೆ ಕೈ ಎತ್ತುತ್ತಿದ್ದರಲ್ಲ, ಅದನ್ನೂ ಹಾಗೇ ಇಟ್ಟಿದ್ದಾರೆ. ಏಟು ಹೊಡೆದಿರೋದು ಮನುಷ್ಯನಲ್ಲ, ಕಂಪ್ಯೂಟರು. ಅದಕ್ಕೇ ಮೂರೂ ಒಂದೇ ಸಮ. ನಿನ್ನ ಮೂರನೆಯದು ಯಾವಾಗಲೂ ಸ್ವಲ್ಪ ತಡವಾಗಿ ಬೀಳುತ್ತಿತ್ತು, ನನಗೆ ಅದೇ ಇಷ್ಟ. ನಾವು ನಿಧಾನವಾಗಿ ಎಳೆದದ್ದನ್ನು ಇವರು ಓಡಿಸಿದ್ದಾರೆ. ಕಹಳೆ ಥರದ್ದೇನೋ ಸೇರಿಸಿದ್ದಾರೆ. ಮಳವಳ್ಳಿ ಬಸ್ಸಿನಲ್ಲಿ ಈ ಹಾಡು ಹಾಕಿದಾಗ ಮುಂದಿನ ಸೀಟಿನ ಕಂಬಿ ಹಿಡಿದಿದ್ದೆ, ಮೊಳಕೈವರೆಗೂ ಅದುರು ಬಂತು. ವೀಣಂಗೆ ಹೇಳಿ ಸ್ಪೀಕರ್ ಮೇಲೆ ಅಂಗೈ ಇಟ್ಟುಕೊಂಡು ನೋಡು, ನಿನ್ನ ಕೈಗೆ ಗೊತ್ತಾಗುತ್ತೆ.

ಮಾತುಗಳು ಬೇರೆ ಆಗಿವೆ. ಫ್ಯಾಕ್ಟರಿಯಲ್ಲಿ ಧರ್ಮಪುರಿ ಕಡೆಯ ವೆಲ್ಡರ್ ಒಬ್ಬ ಇದ್ದಾನೆ, ಊಟದ ಹೊತ್ತಿನಲ್ಲಿ ಸಾಲು ಸಾಲಾಗಿ ಬಿಡಿಸಿ ಹೇಳಿದ. ಯಾವುದೋ ಹುಡುಗಿ ಊರು ಬಿಟ್ಟು ಹೋಗಿದ್ದಾಳೆ. ನಮ್ಮ ಹಾಡಿನ ಬಿಳಿ ಅಂಗಿ ಅಲ್ಲಿ ಅವಳ ಕಾಲುಗೆಜ್ಜೆ ಆಗಿದೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿ ಅವಳ ಸ್ಕೂಟರ್ ಆಗಿದೆ. ನೀರಿನ ಸಾಲು ಮಾತ್ರ ಹಾಗೇ ಇಟ್ಟುಕೊಂಡಿದ್ದಾರೆ, ನೀರು ಬಂತು, ನೀನು ಬರಲಿಲ್ಲ ಅಂತ. ಕೊನೆಯಲ್ಲಿ ನಮ್ಮ ಕನ್ನಡದ ಸಾಲನ್ನೇ ಹಾಡಿ ಮುಗಿಸುತ್ತಾರೆ. ‘ನೀರು ಬಂತಲ್ಲೊ, ನೀನೆಲ್ಲೋದೆ.’ ಒತ್ತು ದೀರ್ಘ ಎಲ್ಲ ಸರಿಯಾಗಿಯೇ ಅಂದಿದ್ದಾರೆ, ನಮ್ಮ ಟಿವಿಯವರಿಗಿಂತ ಎಷ್ಟೋ ವಾಸಿ.

ಇಲ್ಲಿಯ ಜನದ ಬಾಯಿ ನಿನಗೆ ಗೊತ್ತಲ್ಲ. ಕಾಲೇಜಿನಲ್ಲಿ ಹಾಡಿದಾಗಲೇ ಇದು ಕಾವೇರಿ ಹಾಡು ಅಂತ ಹುಡುಗರು ಬೆಂಚು ಗುದ್ದಿದ್ದರು. ಈಗ ತಮಿಳಿನವರು ಹಾಡಿದ ಮೇಲಂತೂ ಕೇಳುವುದೇ ಬೇಡ. ಮದ್ದೂರು ಬಸ್ ಸ್ಟಾಂಡಿನ ಟೀ ಅಂಗಡಿಯಲ್ಲಿ ಒಬ್ಬ, ‘ಏನ್ ಕೆಂಪಣ್ಣ, ಅವ್ರಿಗೆ ನೀರೂ ಕೊಟ್ಟಾಯ್ತು, ಹಾಡೂ ಕೊಟ್ಟಾಯ್ತು, ಇನ್ನ ಕೊಡಾಕೆ ಏನ್ ಉಳ್ದದೆ?’ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಬ್ಬಿನ ಟ್ರಾಕ್ಟರಿನವರು ಆನೆ ಗಾತ್ರದ ಬಾಕ್ಸ್ ಕಟ್ಟಿಕೊಂಡು ಇದನ್ನೇ ಹಾಕಿಕೊಂಡು ಹೋಗುತ್ತಾರೆ. ಆ ಕೊಯಮತ್ತೂರಿನ ಹುಡುಗರು ಮರ್ಯಾದಸ್ಥರು, ಕ್ಯಾಸೆಟ್ಟಿನ ಮೇಲಿದ್ದ ಹೆಸರು ಹುಡುಕಿ, ಹಾಡಿನ ಕೆಳಗೆ ‘ಮೂಲ ಸಾಹಿತ್ಯ: ಕೆಂಪರಾಜು, ಮಂಡ್ಯ’ ಅಂತ ಹಾಕಿದ್ದಾರೆ. ಮದ್ದೂರಿನಲ್ಲಿ ಯಾವುದೋ ಸಂಘದವರು ಶಾಲು ಹೊದಿಸಿ ಪೇಟ ಇಟ್ಟರು. ಮಂಡ್ಯದ ಯೂಟ್ಯೂಬ್ ಚಾನಲ್ ಒಂದರವರು ಬಂದು, ‘ಆ ಸಾಲು ಹೇಗೆ ಹೊಳೀತು ಸರ್?’ ಅಂತ ಕೇಳಿದರು. ಬದುಕಿನಲ್ಲಿ ಯಾರೂ ನನ್ನನ್ನು ಸರ್ ಅಂದಿರಲಿಲ್ಲ ಮಹದೇವ. ‘ವಿ.ಸಿ. ನಾಲೆ ಏರಿ ಮೇಲೆ ಒಂದು ಸಂಜೆ ಕೂತಿದ್ದೆ, ನೀರು ಬಿಟ್ಟಿದ್ದರು, ರೈತರ ಮುಖ ನೋಡಿ ಹೊಳೀತು’ ಅಂತ ನುಣ್ಣಗೆ ಹೇಳಿದೆ. ಅಷ್ಟು ಚೆನ್ನಾಗಿ ಸುಳ್ಳು ಹೇಳುತ್ತೀನಿ ಅಂತ ನನಗೇ ಗೊತ್ತಿರಲಿಲ್ಲ.

ಸುಳ್ಳು ಕಣೋ. ನಿನಗೂ ಅವತ್ತು ನಾನೇ ಬರೆದೆ ಅಂತಲೇ ಹೇಳಿದ್ದೆ. ನೀನು ನನ್ನ ಬೆನ್ನಿಗೆ ಗುದ್ದಿ, ‘ಎಲ್ಲಿತ್ಲಾ ಇದು ನಿನ್ನೊಳಗೆ’ ಅಂದಿದ್ದೆ. ಇಪ್ಪತ್ತೇಳು ವರ್ಷ ಆಯಿತು, ಇನ್ನು ನಿನ್ನ ಹತ್ತಿರ ಮುಚ್ಚಿಡೋಕೆ ನನಗೆ ತ್ರಾಣ ಇಲ್ಲ. ಆ ಹಾಡು ನನ್ನದಲ್ಲ. ಅವ್ವನದು.

ನಮ್ಮಣ್ಣ ಶಿವಣ್ಣ ಮೋಟರಿನ ಶಾಕ್ ಹೊಡೆದು ಹೋದ ಅನ್ನೋದು ನಿನಗೆ ಗೊತ್ತು. ನೀನು ನಮ್ಮ ಜೊತೆ ಸೇರುವ ಹಿಂದಿನ ವರ್ಷ. ಬೆಳಿಗ್ಗೆ ಎಂಟು ಗಂಟೆಗೆ ಕರೆಂಟು ಬರೋದಿತ್ತು, ಗದ್ದೆಗೆ ನೀರು ತಿರುಗಿಸಿ ಬರ್ತೀನಿ ಅಂತ ಹೋದವನು ಹತ್ತಾದರೂ ಬರಲಿಲ್ಲ. ಅವ್ವ ನನ್ನನ್ನು ಕರೆದುಕೊಂಡು ಹೋದಳು. ಮೋಟರು ಓಡುತ್ತಲೇ ಇತ್ತು. ಗದ್ದೆ ತುಂಬಿ ಬದುವಿನ ಮೇಲೆಲ್ಲ ನೀರು ಹರಿಯುತ್ತಿತ್ತು. ಅವನು ಸ್ಟಾರ್ಟರ್ ಪೆಟ್ಟಿಗೆಯ ಕೆಳಗೆ ಬಿದ್ದಿದ್ದ. ನಾನು ಒಣಗಿದ ಕೋಲಿನಲ್ಲಿ ಫ್ಯೂಸ್ ಕಿತ್ತು ಹಾಕಿದೆ. ಆಮೇಲೆ ಸುಮ್ಮನೆ ನಿಂತೆ. ಅಲ್ಲಿದ್ದದ್ದು ನಾವು ಮೂವರೇ. ಊರಿನವರು ಬರುವುದಕ್ಕೆ ಮುಂಚೆ ಅವ್ವ ಅವನ ತಲೆಯನ್ನು ತೊಡೆ ಮೇಲೆ ಹಾಕಿಕೊಂಡು ಒಂದು ಸಲ ಹಾಡಿಕೊಂಡು ಅತ್ತಳು.

‘ಬಿಳಿ ಅಂಗಿ ಒಗ್ದಿಟ್ಟೆ, ಯಾರ್ಗಿಟ್ಟೋದೆ ಮಗನೆ,
ಬಾಗ್ಲಲ್ಲಿ ಬುಟ್ಟ ಮೆಟ್ಟ ಯಾರು ಮೆಟ್ಟಾರು,
ಗದ್ದೆಗೆ ನೀರ್ ತಿರುಗ್ಸಿ ಬತ್ತೀನಿ ಅಂದೋನೆ,
ನೀರು ಬಂತಲ್ಲೊ ಮಗನೆ, ನೀನೆಲ್ಲೋದೆ.’

ಮನೆಗೆ ತಂದ ಮೇಲೆ ಊರಿನ ಹೆಂಗಸರೆಲ್ಲ ಸುತ್ತ ಕೂತು ಅತ್ತರು. ಅವ್ವ ಬಾಯಿ ಬಿಡಲಿಲ್ಲ. ಸುತ್ತಮುತ್ತಲ ಊರುಗಳಲ್ಲಿ ಯಾರು ಸತ್ತರೂ ‘ಚಿಕ್ಕನಂಜಮ್ಮನ್ನ ಕರ್ಕಂಬನ್ನಿ’ ಅಂತ ಆಳು ಕಳಿಸುತ್ತಿದ್ದರು, ನೀನೇ ನೋಡಿದ್ದೀಯ. ಸತ್ತವರ ನಡೆ, ನುಡಿ, ಉಟ್ಟದ್ದು, ಉಂಡದ್ದು ಎಲ್ಲ ಎತ್ತಿ ಆಡಿ, ಕಲ್ಲಾಗಿ ಕೂತ ಮನೆಯವರ ಕಣ್ಣಲ್ಲಿ ನೀರು ತರಿಸುತ್ತಿದ್ದ ಹೆಂಗಸು ತನ್ನ ಮಗನಿಗೆ ಅತ್ತದ್ದು ಅದೊಂದೇ ಸಲ. ಕೇಳಿದವನು ನಾನೊಬ್ಬನೇ. ಮುಂದಿನ ವರ್ಷ ನನಗೊಂದು ಹಾಡು ಬೇಕಿತ್ತು. ‘ಮಗನೆ’ ಅನ್ನೋದನ್ನ ಕಿತ್ತು ‘ಗೆಳೆಯ’ ಅಂತ ಹಾಕಿದೆ. ಇಪ್ಪತ್ತು ವರ್ಷದ ಹುಡುಗನಿಗೆ ಅದು ಕಳ್ಳತನ ಅಂತ ಅನ್ನಿಸಲಿಲ್ಲ. ಅಣ್ಣನ ನೆನಪಿಗೆ ಅಂತಲೇ ಅಂದುಕೊಂಡೆ, ದೇವರಾಣೆ.

ಅವ್ವ ಆ ಹಾಡನ್ನು ಯಾವತ್ತೂ ಕೇಳಿರಲಿಲ್ಲ. ಕಾಲೇಜಿಗೆ ಬಂದವಳಲ್ಲ, ಕ್ಯಾಸೆಟ್ಟು ನಾನು ಮನೆಗೆ ತಂದವನಲ್ಲ. ಈಗ ಟ್ರಾಕ್ಟರಿನಲ್ಲಿ ಹೋಗುವುದು ತಮಿಳು, ಅವಳಿಗೆ ಅದು ಬರೀ ಗದ್ದಲ, ಕೊನೆಯ ಕನ್ನಡ ಸಾಲೂ ಅದರಲ್ಲೇ ಮುಳುಗಿಹೋಗುತ್ತೆ. ‘ಕೆಂಪ ಏನೋ ಹಾಡು ಕಟ್ಟವ್ನಂತೆ, ಸಾಲು ಹೊದ್ಸುದ್ರಂತೆ’ ಅಂತ ಜಗಲಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ಹೇಳುತ್ತಿದ್ದಳು. ಹೇಳಿಬಿಡಬೇಕು, ಇವತ್ತು ಹೇಳಿಬಿಡಬೇಕು ಅಂತ ಎಷ್ಟು ಸಲ ಅವಳ ಪಕ್ಕ ಹೋಗಿ ಕೂತೆನೋ. ‘ಏನ್ಲಾ’ ಅನ್ನುತ್ತಿದ್ದಳು. ‘ಏನಿಲ್ಲ ಬುಡವ್ವ’ ಅಂದು ಎದ್ದು ಬರುತ್ತಿದ್ದೆ.

ಈಗ ನಿನ್ನ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹಲಗೂರಿಗೆ ಕೊಟ್ಟಿರುವ ನಮ್ಮಕ್ಕ ದೇವಿರಮ್ಮನ ಮಗಳು ದೀಪಿಕಾಳ ಮದುವೆ ನವೆಂಬರ್ ಕೊನೇ ಭಾನುವಾರ ಮಳವಳ್ಳಿಯ ಛತ್ರದಲ್ಲಿ ಆಯಿತು. ಗಂಡು ರಘುನಂದನ್, ಮಂಡ್ಯದವನು, ಒಳ್ಳೇ ಹುಡುಗ. ಸೋದರಮಾವ ನಾನಾದ್ದರಿಂದ ನನಗೆ ಕಾಲು ನಿಲ್ಲದಷ್ಟು ಓಡಾಟ. ಬೆಳಿಗ್ಗೆ ಧಾರೆ ಚೆನ್ನಾಗಿ ಮುಗಿಯಿತು. ಊಟಕ್ಕೆ ಎಲೆ ಹಾಕುವ ಮುಂಚೆ ಒಂದು ಗಂಟೆ ವಾದ್ಯದವರು ಸಿನಿಮಾ ಹಾಡು ನುಡಿಸುತ್ತಿದ್ದರು. ಗಂಡಿನ ಕಡೆಯ ಹುಡುಗರು ಆ ತಮಿಳು ಹಾಡು ಹಾಕಿಸಿ ಕುಣಿದರು. ಆಮೇಲೆ ಯಾರಿಗೋ ಗೊತ್ತಾಯಿತು, ಇದನ್ನು ಬರೆದವನು ಹೆಣ್ಣಿನ ಮಾವ, ಇಲ್ಲೇ ಇದ್ದಾನೆ ಅಂತ. ‘ಕನ್ನಡದ್ದು, ಕನ್ನಡದ್ದು’ ಅಂತ ಶುರುಮಾಡಿದರು.

ಬೇಡ ಅನ್ನಬಹುದಿತ್ತು. ದೀಪಿಕಾ ಬಾಸಿಂಗ ಕಟ್ಟಿಕೊಂಡೇ ಬಗ್ಗಿ, ‘ಮಾಮ, ಒಂದೇ ಒಂದ್ ಸಲ ಹಾಡಿ ಮಾಮ, ನಮ್ ಕಡೆಯೋರು ಅಂತ ಅವ್ರಿಗೆಲ್ಲ ತೋರುಸ್ಬೇಕು’ ಅಂದಳು. ಅವಳ ಮೇಲೆ ಯಾಕೆ ಹಾಕಲಿ, ನನಗೇ ಹಾಡಬೇಕು ಅನ್ನಿಸಿತ್ತು. ಸ್ಟೋರ್ ರೂಮಿನಲ್ಲಿ ರಟ್ಟು ಎಣಿಸಿ ಎಣಿಸಿ ಸವೆದುಹೋದವನಿಗೆ ಅಷ್ಟು ಜನ ಹೆಸರು ಹಿಡಿದು ಕೂಗಿದರೆ ಏನಾಗುತ್ತೆ ಹೇಳು. ಅವ್ವ ಮೂರನೇ ಸಾಲಿನಲ್ಲಿ, ಹಸಿರು ಸೀರೆ ಉಟ್ಟುಕೊಂಡು ಕೂತಿದ್ದಳು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ವಯಸ್ಸಾಗಿದೆ, ಗದ್ದಲದಲ್ಲಿ ಏನು ಕೇಳಿಸುತ್ತೆ ಅಂತ ನನಗೆ ನಾನೇ ಹೇಳಿಕೊಂಡು ಮೈಕು ತಗೊಂಡೆ.

ಗಂಟಲು ಬಿಟ್ಟು ಎಷ್ಟು ವರ್ಷ ಆಗಿತ್ತೋ. ಮೊದಲ ಸಾಲಿಗೇ ದನಿ ಒಡೆಯಿತು, ಆ ಒಡಕು ದನಿಯೇ ಹಾಡಿಗೆ ಹೊಂದಿಕೊಂಡಿತು. ಹುಡುಗರು ಕುಣಿಯೋದು ನಿಲ್ಲಿಸಿ ಮೊಬೈಲ್ ಎತ್ತಿ ಹಿಡಿದರು. ಬಿಳಿ ಅಂಗಿ ಆಯಿತು, ಬಾಗಿಲ ಮೆಟ್ಟು ಆಯಿತು. ‘ನೀರು ಬಂತಲ್ಲೊ, ನೀನೆಲ್ಲೋದೆ’ ಅಂದೆ. ಡ್ರಮ್ಮಿನವನಿಗೆ ತಮಿಳು ಹಾಡು ಬಾಯಿಪಾಠ, ನಿನ್ನ ಮೂರು ಏಟು ಹೊಡೆದು ಕೈ ಎತ್ತಿ ನಿಲ್ಲಿಸಿದ. ನಿನ್ನ ಆ ಏನೂ ಇಲ್ಲದ ಜಾಗ ಬಂತಲ್ಲ, ಅದರೊಳಗೆ ಅವ್ವನ ದನಿ ಬಂತು.

‘ತುಂಬಿದ್ ಗದ್ದೇಲಿ ನಿನ್ ಮಕವ ಕಂಡೆ ಮಗನೆ,
ಎತ್ಕಳಕೋದ್ರೆ ನೀರೇ ಕೈಗ್ ಬಂತು.’

ಈ ಎರಡು ಸಾಲು ನಾನು ಅವತ್ತು ಗದ್ದೆ ಮೇಲೂ ಕೇಳಿರಲಿಲ್ಲ. ಸೆರಗು ತಲೆ ಮೇಲೆ ಹೊದ್ದುಕೊಂಡು, ಕಣ್ಣು ಮುಚ್ಚಿಕೊಂಡು, ಮೈ ಹಿಂದೆ ಮುಂದೆ ತೂಗುತ್ತಾ, ಸಾವಿನ ಮನೆಯಲ್ಲಿ ಹೇಗೆ ಅಳುತ್ತಾಳೋ ಹಾಗೆಯೇ. ಅಕ್ಕಪಕ್ಕದ ಹೆಂಗಸರು ಕುರ್ಚಿ ಸರಿಸಿಕೊಂಡರು. ನಮ್ಮ ಕಡೆ ಮದುವೆ ಮನೆಯಲ್ಲಿ ಸೀನಿದರೂ ಲೆಕ್ಕ ಹಾಕುವ ಜನ, ಇದು ಹೆಣದ ಮುಂದೆ ಅಳುವ ಪದ ಅಂತ ವಯಸ್ಸಾದವರಿಗೆಲ್ಲ ತಕ್ಷಣ ಗೊತ್ತಾಗಿ ಹೋಯಿತು. ಗಂಡಿನ ತಂದೆ ಪುಟ್ಟರಾಜು ಎದ್ದು ನಿಂತು, ‘ಯಾರ್ರೀ ಅದು? ತಾಳಿ ಕಟ್ಟಿ ಇನ್ನ ಗಳಿಗೆ ಆಗಿಲ್ಲ, ಸಾವಿನ್ ಪದ ಹೇಳ್ತಾ ಅವ್ರಲ್ಲ’ ಅಂತ ಕೂಗಿದರು. ಅಷ್ಟರಲ್ಲಿ ಯಾರೋ, ಅಜ್ಜಿಗೆ ವಯಸ್ಸಾಗಿದೆ, ತಲೆ ಸರಿ ಇಲ್ಲ ಅಂದರು. ಪುಟ್ಟರಾಜು ಸ್ವಲ್ಪ ತಣ್ಣಗಾದರು. ಅಕ್ಕ ಓಡಿಬಂದು ಅವ್ವನ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಕೆಳಗಿಳಿದು ಅವ್ವನ ಕೈ ಹಿಡಿದು ಛತ್ರದ ಹಿಂದುಗಡೆ, ತರಕಾರಿ ಹೆಚ್ಚುವ ಕಡೆ ಕರೆದುಕೊಂಡು ಹೋಗಿ ಕೂರಿಸಿದೆ. ಪುರೋಹಿತರು ಏನೋ ಶಾಂತಿ ಮಾಡಿದರು, ಊಟ ಆಯಿತು, ದೀಪಿಕಾ ಗಂಡನ ಮನೆಗೆ ಹೋದಳು. ಚೆನ್ನಾಗಿದ್ದಾಳೆ. ಆದರೆ ಅಕ್ಕ ಹೊರಡುವಾಗ ನನ್ನ ಮುಖ ನೋಡದೆ, ‘ಇನ್ಮೇಲೆ ಅವ್ವನ್ನ ಯಾವ್ ಕಾರ್ಯಕ್ಕೂ ಕರ್ಕಂಬರ್ಬ್ಯಾಡ ಕಣಪ್ಪ’ ಅಂದಳು. ಆಮೇಲೆ ಒಂದು ಸಲವೂ ಫೋನ್ ಮಾಡಿಲ್ಲ.

ಆಗ ನಿಜ ಹೇಳಬೇಕಿತ್ತು. ಅವ್ವ ತಪ್ಪಿದ್ದಲ್ಲ, ಪದ ಅವಳದೇ, ಮದುವೆ ಮನೆಯಲ್ಲಿ ಸಾವಿನ ಪದ ಹಾಡಿದವನು ನಾನು ಅಂತ. ಹೇಳಿದ್ದರೆ ಪುಟ್ಟರಾಜು ನನ್ನ ಕಾಲರ್ ಹಿಡಿಯುತ್ತಿದ್ದರು. ಮೊಬೈಲ್ ಎತ್ತಿ ಹಿಡಿದ ಹುಡುಗರ ಮುಂದೆ ನನ್ನ ಪೇಟ, ಶಾಲು, ಮೂಲ ಸಾಹಿತ್ಯ ಎಲ್ಲ ನೀರಿಗೆ ಹೋಗುತ್ತಿತ್ತು. ಸುಮ್ಮನಿದ್ದುಬಿಟ್ಟೆ.

ಬಸ್ಸಿನಲ್ಲಿ ಬರುವಾಗ ಅವ್ವ ಕಿಟಕಿ ಕಡೆ ಕೂತಿದ್ದಳು. ಮದ್ದೂರು ದಾಟಿತು. ಆಮೇಲೆ ನಾನೇ ಕೇಳಿದೆ, ‘ಯಾಕವ್ವ ಅಂಗ್ ಮಾಡ್ದೆ? ಮದ್ವೆ ಮನೆ ಅಂತ ಗೊತ್ತಾಗ್ಲಿಲ್ವಾ?’ ಅಂತ. ಕೇಳೋಕೆ ನನಗೆ ನಾಚಿಕೆ ಆಗಬೇಕಿತ್ತು.

‘ಗೊತ್ತಿತ್ತು ಕಣ್ಲಾ’ ಅಂದಳು. ‘ಶಿವಣ್ಣ ಹೋದಾಗ ನೀನು ಅಳ್ಲೇ ಇಲ್ಲ. ಮರದ್ ಬೊಡ್ಡೆ ತರ ನಿಂತಿದ್ದೆ. ಇವತ್ ಎಲ್ರ ಮುಂದೆ ಒಬ್ನೇ ನಿಂತ್ಕಂಡ್ ಅಳ್ತಿದ್ದಲ್ಲ. ಅಳೋರ್ ದನಿ ಕೇಳುದ್ ಮ್ಯಾಲೆ ದನಿ ಕೊಡ್ದೆ ಇರಾಕಾಯ್ತದಾ? ನಾನ್ ಯಾರ್ನೂ ಅಂಗ್ ಒಬ್ರೇ ಅಳಾಕ್ ಬುಟ್ಟವಳಲ್ಲ.’

ಇದು ಸಾವಿನ ಪದ ಹೇಳುವ ಹೆಂಗಸರ ಕಟ್ಟುಪಾಡು, ನಿನಗೆ ಗೊತ್ತಿಲ್ಲದೆ ಇರಬಹುದು. ಒಬ್ಬಳು ಹಾಡಿಕೊಂಡು ಅಳಲು ಶುರುಮಾಡಿ ದನಿ ಮೇಲೆತ್ತಿ ಬಿಟ್ಟರೆ, ಕೇಳಿಸಿಕೊಂಡ ಇನ್ನೊಬ್ಬಳು ಮುಂದಿನ ಸಾಲು ಎತ್ತಿಕೊಳ್ಳಲೇಬೇಕು. ಜಗಳ ಆಡಿದವರಾದರೂ ಸರಿ, ದಾರಿಯಲ್ಲಿ ಹೋಗುವವಳಾದರೂ ಸರಿ. ಅವಳಿಗೆ ಪದ ಕದ್ದದ್ದು ಕಾಣಲಿಲ್ಲ. ಇಪ್ಪತ್ತೆಂಟು ವರ್ಷ ತಡವಾಗಿ ತನ್ನ ಮಗ ಅಳುತ್ತಿದ್ದಾನೆ ಅನ್ನೋದೊಂದೇ ಕಂಡದ್ದು. ನಾನು ಅಳುತ್ತಿರಲಿಲ್ಲ ಮಹದೇವ. ನಾನು ಹಾಡುತ್ತಿದ್ದೆ.

ಹೋದ ತಿಂಗಳು ನಮ್ಮ ಹಿಂದಿನ ಬೀದಿಯ ನಿಂಗಯ್ಯ ತೀರಿಕೊಂಡ. ನಿನಗೆ ಜ್ಞಾಪಕ ಇರಬೇಕು, ನಿನ್ನ ಡ್ರಮ್ಮನ್ನು ಎತ್ತಿನ ಗಾಡಿಯಲ್ಲಿ ಬಸರಾಳಿಗೆ ಹಾಕಿಕೊಂಡು ಬಂದವನು ಅವನೇ. ಅವ್ವನಿಗೂ ಅವನಿಗೂ ಅಣ್ಣ ತಂಗಿಯರಷ್ಟು ವಿಶ್ವಾಸ. ಬೆಳಿಗ್ಗೆಯೇ ಸುದ್ದಿ ಬಂತು. ಅವ್ವ ಕೂದಲು ಬಿಚ್ಚಿಕೊಂಡು, ಹಳೇ ಸೀರೆ ಉಟ್ಟುಕೊಂಡು ಜಗಲಿಯಲ್ಲಿ ಕೂತಳು, ಕರೆಯೋಕೆ ಬರುತ್ತಾರೆ ಅಂತ. ಯಾರೂ ಬರಲಿಲ್ಲ. ಮಳವಳ್ಳಿ ಛತ್ರದ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತಲ್ಲ. ಆ ಕಡೆಯಿಂದ ಹೆಂಗಸರ ಅಳು ಕೇಳುತ್ತಿತ್ತು, ಯಾವುದೋ ಧಾರಾವಾಹಿಯ ಅಳುವಿನ ಥರ, ಪದವಿಲ್ಲ, ನಡೆಯಿಲ್ಲ. ಅವಳು ತುಟಿ ಮಾತ್ರ ಅಲ್ಲಾಡಿಸುತ್ತಾ ಕೂತಿದ್ದಳು. ಮಧ್ಯಾಹ್ನ ಹೆಣ ಎತ್ತಿದ ಮೇಲೆ ಎದ್ದು ಹೋಗಿ ಕೂದಲು ಕಟ್ಟಿಕೊಂಡಳು. ‘ಪಾಪ, ನಿಂಗಣ್ಣಂಗೆ ಹುಳ್ಳಿಕಾಳ್ ಸಾರು ಅಂದ್ರೆ ಪ್ರಾಣ. ಅದ ಯಾರೂ ಅನ್ಲೇ ಇಲ್ಲ’ ಅಂದಳು, ಅಷ್ಟೆ.

ಆ ಕೊಯಮತ್ತೂರಿನ ಹುಡುಗರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಛತ್ರದಲ್ಲಿ ಯಾರೋ ತೆಗೆದ ವಿಡಿಯೋ ಅವರಿಗೂ ಸಿಕ್ಕಿದೆಯಂತೆ. ‘ಆ ಅಜ್ಜಿ ದನಿ ನಮಗೆ ಬೇಕು ಸರ್, ಇನ್ನೊಂದು ಸಲ ರೆಕಾರ್ಡ್ ಮಾಡೋಣ, ಅವರು ಯಾರು?’ ಅಂತ ಮುರುಕು ಕನ್ನಡದಲ್ಲಿ ಕೇಳಿದರು. ಪಾಪ, ಅವರ ತಪ್ಪೇನಿದೆ. ಗಂಟಲು ಸರಿ ಇಲ್ಲ, ಆಮೇಲೆ ಮಾತಾಡ್ತೀನಿ ಅಂತ ಇಟ್ಟೆ. ಆಮೇಲೆ ಅವರ ನಂಬರು ಬಂದರೆ ಎತ್ತಿಲ್ಲ. ಈಗ ಟ್ರಾಕ್ಟರು ಆ ಹಾಡು ಹಾಕಿಕೊಂಡು ಬೀದಿಯಲ್ಲಿ ಬಂದರೆ ವನಜಾ ಎದ್ದು ಹೋಗಿ ಬಾಗಿಲು ಹಾಕುತ್ತಾಳೆ. ಅವಳಿಗೆ ಏನೂ ಹೇಳಿಲ್ಲ ನಾನು, ಆದರೂ ಹಾಕುತ್ತಾಳೆ.

ಬಹಳ ಬರೆದೆ. ಕೈ ನೋಯುತ್ತಿದೆ. ನೀನು ಕೇಳಿದ್ದು ಎರಡೇ ಮಾತು, ನಾನು ನನ್ನ ಹೊಟ್ಟೆಯೊಳಗಿದ್ದದ್ದೆಲ್ಲ ನಿನ್ನ ಮುಂದೆ ಸುರಿದೆ. ನೀನಾದರೂ ಆರೋಗ್ಯ ನೋಡಿಕೊ. ಆ ಕಿವಿ ಮಶೀನು ಡಬ್ಬದಲ್ಲಿಟ್ಟು ಪೂಜೆ ಮಾಡಬೇಡ, ಹಾಕಿಕೊ, ಕೊರ್ ಅಂದರೂ ಹಾಕಿಕೊ. ವೀಣಂಗೆ ಒಳ್ಳೇ ಕಡೆ ಸಂಬಂಧ ಕೂಡಿಬರಲಿ, ಅವಳ ಮನೆ ತುಂಬಿರಲಿ. ಎಳ್ಳುಬೆಲ್ಲ ಸ್ವಲ್ಪ ಈ ಕವರಿನಲ್ಲೇ ಇಟ್ಟಿದ್ದೇನೆ, ಅವ್ವನೇ ಕೊಬ್ಬರಿ ಹೆಚ್ಚಿದ್ದು. ‘ಮಾದೇವಂಗೆ ಕಳ್ಸು, ನಮ್ಮನೇಲಿ ಉಂಡ ಹುಡ್ಗ, ಒಳ್ಳೇದಾಗ್ಲಿ ಅವುನ್ಗೆ’ ಅಂದಳು. ನಿನಗೆ ನಲವತ್ತೆಂಟಾದರೂ ಅವಳಿಗೆ ನೀನಿನ್ನೂ ಹುಡುಗನೇ. ಅವಳ ಆಶೀರ್ವಾದ ನಿನ್ನ ಮೇಲಿರಲಿ.

ಇಂತಿ ನಿನ್ನ
ಕೆಂಪರಾಜು

ತಾ. ಕ.: ಕವರು ಅಂಟಿಸೋಕೆ ಹೋಗಿ ನಿಲ್ಲಿಸಿದೆ. ಮೇಲೆ ‘ಯಾರೋ ತಲೆ ಸರಿ ಇಲ್ಲ ಅಂದರು’ ಅಂತ ಬರೆದಿದ್ದೇನಲ್ಲ, ಅದು ಯಾರೋ ಅಲ್ಲ ಕಣೋ. ಮೈಕು ಇನ್ನೂ ನನ್ನ ಕೈಲೇ ಇತ್ತು. ಪುಟ್ಟರಾಜು ‘ಯಾರ್ರೀ ಅದು’ ಅಂದ ಕೂಡಲೇ, ‘ನಮ್ಮವ್ವ, ಒಂದು ವರ್ಷದಿಂದ ತಲೆ ಸರಿ ಇಲ್ಲ, ತಪ್ಪು ತಿಳಿಯಬೇಡಿ’ ಅಂತ ನಾನೇ ಅಂದೆ. ಛತ್ರಕ್ಕೆಲ್ಲ ಕೇಳಿಸಿತು. ಅವ್ವನಿಗೂ ಕೇಳಿಸಿತು. ಅಂದಮೇಲೆ ಅದನ್ನು ನಿಜ ಮಾಡಬೇಕಲ್ಲ, ಮುಂದಿನ ವಾರವೇ ಮಂಡ್ಯದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೇಳಿದ್ದು ಅವ್ವನನ್ನು, ಉತ್ತರ ಹೇಳಿದ್ದೆಲ್ಲ ನಾನು. ಅವ್ವ ಮಧ್ಯೆ ಬಾಯಿ ಹಾಕಲಿಲ್ಲ. ಮರೆವಿಗೆ ಅಂತ ಮಾತ್ರೆ ಬರೆದುಕೊಟ್ಟರು. ದಿನಾ ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ನಾನೇ ಕೈಗೆ ಕೊಡುತ್ತೇನೆ. ಇವತ್ತು ಬೆಳಿಗ್ಗೆ ಅದನ್ನು ಅಂಗೈಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ‘ಕೆಂಪ, ಇದ ನುಂಗುದ್ರೆ ಶಿವಣ್ಣನೂ ಮರ್ತೋಯ್ತಾನಾ?’ ಅಂದಳು. ನಾನು ಲೋಟಕ್ಕೆ ನೀರು ಬಗ್ಗಿಸಿದೆ. ‘ನಿಂಗೊಳ್ಳೇದಾಗಂಗಿದ್ರೆ ನುಂಗ್ತೀನಿ ಬುಡು’ ಅಂದಳು. ನೀರಿನ ಲೋಟ ಕೊಟ್ಟೆ. ನುಂಗಿದಳು.